ಅದಿತಿ ಅಶೋಕ್ ಬಗ್ಗೆ ಮಗಳ ಪ್ರಶ್ನೆ: ದಾವಣಗೆರೆ, ದುರ್ಗದ ಕಡೆ ಗಾಲ್ಫ್ ಗೊತ್ತಿರುವವರು ಯಾರಾದರೂ ಇದ್ದೀರಾ?

ಎಪಿಎಂಸಿ ಅಪ್ಪ (ದಾವಣಗೆರೆ), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ ಕ್ರಿಕೆಟ್ ಗೊತ್ತು. ಕುಸ್ತಿ ಗೊತ್ತು. ಗಾಲ್ಫ್ ಅಂದರೆ ಬಿಳಿ ಚೆಂಡು, ಹಸಿರು ಹುಲ್ಲು, ತಲೆಗೊಂದು ಟೋಪಿ. ಅಷ್ಟೇ.

ಮಗಳಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಕರ್ನಾಟಕದ ಒಬ್ಬ ಆಟಗಾರರ ಬಗ್ಗೆ ಬರೆಯಲು ಹೇಳಿದ್ದಾರೆ. ಒಬ್ಬರು ತೆಗೆದುಕೊಂಡ ಹೆಸರು ಇನ್ನೊಬ್ಬರು ತೆಗೆದುಕೊಳ್ಳುವಂತಿಲ್ಲ. ದ್ರಾವಿಡ್, ಕುಂಬ್ಳೆ, ನಮ್ಮೂರಿನ ವಿನಯ್ ಕುಮಾರ್ ಎಲ್ಲ ಮೊದಲ ಐದು ನಿಮಿಷದಲ್ಲೇ ಖಾಲಿ. ಇವಳಿಗೆ ಉಳಿದದ್ದು ಅದಿತಿ ಅಶೋಕ್. ಮೊದಲು ಮುಖ ಊದಿಸಿಕೊಂಡು ಬಂದಳು. ಈಗ ನಾಲ್ಕು ದಿನದಿಂದ ಬೇರೆ ಮಾತೇ ಇಲ್ಲ.

"ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ" ಅಂತ ಬರೆದು ಪೆನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು: "ಅಪ್ಪಾ, ನಾಲ್ಕನೇ ಬಂದ ಮಾರನೇ ದಿನ ಆಕೆ ಏನು ಮಾಡಿರುತ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪದಕ ಬಂದರೆ ಮೆರವಣಿಗೆ, ಸೈಟು, ಸನ್ಮಾನ ಅಂತ ಗೊತ್ತು. ನಾಲ್ಕನೇ ಬಂದರೆ? ಯಾರಾದರೂ ಹೇಳಿ.

ಮಿರ್ಚಿ ಮಂಡಕ್ಕಿ (ದಾವಣಗೆರೆ), 9:58

ಮಾರನೇ ದಿನದ ಕಥೆ ಗೊತ್ತಿಲ್ಲ ಅಣ್ಣ. ಆದರೆ ಆ ದಿನ ನಮ್ಮ ಮನೆಯಲ್ಲಿ ಏನಾಯಿತು ಅಂತ ಚೆನ್ನಾಗಿ ನೆನಪಿದೆ.

2021ರ ಆಗಸ್ಟ್ 7, ಶನಿವಾರ. ಬೆಳಕು ಹರಿಯುವ ಮುಂಚೆಯೇ ಅಪ್ಪ ಟಿವಿ ಹಾಕಿ ಕೂತಿದ್ದರು. ನಾವು ಮನೆ ಮಂದಿಯೆಲ್ಲ ಎದ್ದು ಕೂತೆವು. ಒಬ್ಬರಿಗೂ ಆಟ ಗೊತ್ತಿಲ್ಲ. ನಾನು ಮೊಬೈಲಿನಲ್ಲಿ "ಬರ್ಡಿ ಅಂದರೆ ಏನು" ಅಂತ ಹುಡುಕಿ ಓದಿ ಹೇಳುತ್ತಿದ್ದೆ. ಅಂಕಿ ಕಡಿಮೆ ಆದಷ್ಟೂ ಒಳ್ಳೆಯದು ಅಂದಾಗ ಅಜ್ಜಿಗೆ ತಕ್ಷಣ ಅರ್ಥವಾಯಿತು. "ಓ, ಶುಗರ್ ರಿಪೋರ್ಟ್ ಥರ" ಅಂದರು. ಅಲ್ಲಿಂದ ಮುಂದೆ ನಮಗೆಲ್ಲ ಅಜ್ಜಿಯೇ ಕಾಮೆಂಟರಿ.

ಕೊನೆಯ ಗುಳಿಯಲ್ಲಿ ಆಕೆಯ ಚೆಂಡು ದೂರದಿಂದ ಉರುಳಿ ಬಂದು ಪಕ್ಕಕ್ಕೆ ಹೋಯಿತು. ಯಾರೂ ಮಾತಾಡಲಿಲ್ಲ. ಅಮ್ಮ ಎದ್ದು ಒಲೆ ಹಚ್ಚಿದರು. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರಲ್ಲ, ಬೀದಿಯಲ್ಲಿ ಪಟಾಕಿ. ಬೆಳಗ್ಗೆ ನಡೆದದ್ದು ಸಂಜೆಗೆ ಮರೆತೇ ಹೋಯಿತು.

ಲೆಕ್ಕದ ಮೇಷ್ಟ್ರು (ಚಿತ್ರದುರ್ಗ), 10:15

ಪಾಪು ಬರೆಯುವುದಾದರೆ ಅಂಕಿ ಸರಿಯಾಗಿ ಬರೆಯಲಿ. ಕಸುಮಿಗಸೆಕಿ ಮೈದಾನ. ನಾಲ್ಕು ದಿನದ ಆಟ: 67, 66, 68, 68. ಒಟ್ಟು 269. ಅಲ್ಲಿ ಒಂದು ಸುತ್ತಿಗೆ ನಿಗದಿಯಾದ ಹೊಡೆತ 71. ನಾಲ್ಕು ಸುತ್ತಿಗೆ 284. ಅಂದರೆ ನಿಗದಿಗಿಂತ 15 ಕಡಿಮೆ. ಅಮೆರಿಕದ ನೆಲ್ಲಿ ಕೋರ್ಡಾ 17 ಕಡಿಮೆ ಮಾಡಿ ಚಿನ್ನ ಗೆದ್ದರು. ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 16 ಕಡಿಮೆ. ಇಬ್ಬರ ನಡುವೆ ಪ್ಲೇ ಆಫ್ ನಡೆದು ಇನಾಮಿಗೆ ಬೆಳ್ಳಿ, ಕೋಗೆ ಕಂಚು.

ಅದಿತಿಗೆ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ನಾಲ್ಕು ದಿನ, 72 ಗುಳಿ, 269 ಹೊಡೆತ. ಅದರಲ್ಲಿ ಒಂದು.

ಆಗ ಆಕೆಯ ವಿಶ್ವ ಶ್ರೇಯಾಂಕ 200. ಇದನ್ನೂ ಬರೆಯಲಿ.

ಕೋಟೆ ಕಡೆಯವನು (ಚಿತ್ರದುರ್ಗ), 10:31

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ.

200ನೇ ಶ್ರೇಯಾಂಕದವರು ಒಲಿಂಪಿಕ್ಸ್‌ಗೆ ಹೇಗೆ ಹೋದರು? ಕೊರಿಯಾದಲ್ಲಿ ಅವರಿಗಿಂತ ಮೇಲಿನವರು ಎಷ್ಟೋ ಜನ ಮನೆಯಲ್ಲಿ ಕೂತಿದ್ದರಲ್ಲ. ಇನ್ನು 2023ರ ಏಷ್ಯನ್ ಗೇಮ್ಸ್ ನೋಡಿ. ಹಾಂಗ್‌ಝೌನಲ್ಲಿ ಮೂರನೇ ದಿನ ಮುಗಿದಾಗ ಏಳು ಹೊಡೆತ ಮುಂದೆ ಇದ್ದರು. ಕೈಗೆ ಬಂದ ಚಿನ್ನ. ಕೊನೇ ದಿನ 77 ಹೊಡೆದು ಬೆಳ್ಳಿಗೆ ಇಳಿದರು. ಪ್ಯಾರಿಸ್‌ನಲ್ಲಿ 29ನೇ ಸ್ಥಾನ ಹಂಚಿಕೊಂಡರು. ಒಂದು ಒಳ್ಳೇ ವಾರ ಬಂತು ಅಂತ ಅದನ್ನೇ ದೊಡ್ಡ ಸಾಧನೆ ಅನ್ನುವುದು ಸರಿನಾ?

ಡ್ರಿಲ್ ಮೇಡಂ (ನಿವೃತ್ತಿ, ದಾವಣಗೆರೆ), 10:50

ಕೋಟೆಯವರೇ, ಮೊದಲ ಪ್ರಶ್ನೆಗೆ ಉತ್ತರ ಇದೆ. ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ಹೆಂಗಸರ ವಿಭಾಗಕ್ಕೆ 60 ಜನ ಮಾತ್ರ. ಮೊದಲ 15 ಶ್ರೇಯಾಂಕದ ಒಳಗಿದ್ದರೆ ಒಂದು ದೇಶದಿಂದ ನಾಲ್ವರವರೆಗೆ ಹೋಗಬಹುದು. ಇಲ್ಲದಿದ್ದರೆ ಒಂದು ದೇಶಕ್ಕೆ ಇಬ್ಬರೇ. ಹಾಗಾಗಿ ಕೊರಿಯಾದ ಐದನೇ ಆಟಗಾರ್ತಿ ಎಷ್ಟು ದೊಡ್ಡವಳಾದರೂ ಮನೆಯಲ್ಲೇ. ಅದು ನಿಯಮ, ಅದಿತಿ ಮಾಡಿದ ಮೋಸ ಅಲ್ಲ. ಜಿಲ್ಲಾ ತಂಡಕ್ಕೆ ಆಯ್ಕೆ ಮಾಡುವಾಗ ತಾಲೂಕಿಗೆ ಇಷ್ಟು ಅಂತ ಇಡುತ್ತಿದ್ದೆವಲ್ಲ, ಹಾಗೆ.

ಅಲ್ಲಿಗೆ ಹೋದ ಮೇಲೆ 60 ಜನರ ಪೈಕಿ 56 ಜನರನ್ನು ಹಿಂದೆ ಹಾಕಿದ್ದು ಕೋಟಾದಿಂದ ಅಲ್ಲ. ಆ ವರ್ಷ ಮೇ ಜೂನ್ ಹೊತ್ತಿಗೆ ಆಕೆಗೆ ಕೋವಿಡ್ ಬಂದಿತ್ತು. ಮೈಯಲ್ಲಿ ಶಕ್ತಿ ಇಳಿದು ಹೊಡೆತದ ದೂರವೂ ಕಡಿಮೆಯಾಗಿತ್ತು.

ನಾನು 31 ವರ್ಷ ಹೆಣ್ಣುಮಕ್ಕಳಿಗೆ ಖೋಖೋ, ಕಬಡ್ಡಿ ಕಲಿಸಿದವಳು. ನಾಲ್ಕನೇ ಬಂದ ಮಕ್ಕಳನ್ನು ಬಸ್ಸಿನಲ್ಲಿ ವಾಪಸ್ ಕರೆದುಕೊಂಡು ಬಂದಿದ್ದೇನೆ. ಹಿರಿಯೂರು ದಾಟುವವರೆಗೆ ಅಳುತ್ತಾರೆ. ಆಮೇಲೆ ಹಸಿವು ಅನ್ನುತ್ತಾರೆ.

ಹಳೇ ಕ್ಯಾಡಿ (ಹೊಸದುರ್ಗ), ಸೋಮವಾರ ಬೆಳಗ್ಗೆ 6:20

ಇಲ್ಲಿ ಗಾಲ್ಫ್ ಗೊತ್ತಿರುವವರು ಅಂತ ಕೇಳಿದ್ದೀರಿ. ನಾನು ಆಡಿದವನಲ್ಲ, ಹೊತ್ತವನು. ಬೆಂಗಳೂರಿನ ಒಂದು ಮೈದಾನದಲ್ಲಿ 14 ವರ್ಷ ಬ್ಯಾಗು ಹೊತ್ತಿದ್ದೇನೆ. ಈಗ ಊರಿನಲ್ಲಿ ತೆಂಗು, ಅಡಿಕೆ ನೋಡಿಕೊಂಡಿದ್ದೇನೆ. ಬೆರಳಿನಲ್ಲಿ ಟೈಪ್ ಮಾಡುವುದು ನಿಧಾನ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಮಗುವಿನ ಪ್ರಶ್ನೆ. ನಾಲ್ಕನೇ ಬಂದ ಮಾರನೇ ದಿನ ವೃತ್ತಿ ಆಟಗಾರ್ತಿ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತಾಳೆ. ಮೊದಲನೇ ಬಂದವಳೂ ಅದನ್ನೇ ಮಾಡುತ್ತಾಳೆ. ಐವತ್ತನೇ ಬಂದವಳೂ ಅಷ್ಟೇ. ಟೂರ್ ಅನ್ನುವುದು ಕಂಪನಿ ನಾಟಕದ ಥರ. ಒಂದು ಊರಿನ ಕ್ಯಾಂಪು ಮುಗಿದರೆ ಇನ್ನೊಂದು ಊರು. ಸೋಮವಾರ ಪ್ರಯಾಣ. ಮಂಗಳವಾರ ಹೊಸ ಮೈದಾನ ನೋಡುವುದು. ಬುಧವಾರ ಪ್ರಾಯೋಜಕರ ಕಡೆಯವರ ಜೊತೆ ಆಡುವುದು. ಗುರುವಾರ ಆಟ ಶುರು. ಭಾನುವಾರ ಮುಗಿಯುತ್ತದೆ.

ಅಮೆರಿಕದ ಎಲ್‌ಪಿಜಿಎ, ಅಂದರೆ ಹೆಂಗಸರ ವೃತ್ತಿ ಗಾಲ್ಫ್ ಟೂರ್‌ನ ದೊಡ್ಡ ಪಂದ್ಯದಲ್ಲಿ 144 ಜನ ಗುರುವಾರ ಶುರು ಮಾಡುತ್ತಾರೆ. ಶುಕ್ರವಾರ ಸಂಜೆ ಕಟ್ ಬೀಳುತ್ತದೆ. ಮೊದಲ 65 ಜನ, ಅವರಿಗೆ ಸಮ ಬಂದವರು ಉಳಿಯುತ್ತಾರೆ. ಮಿಕ್ಕವರಿಗೆ ಹೆಚ್ಚಿನ ಪಂದ್ಯಗಳಲ್ಲಿ ಬಿಡಿಗಾಸು ಬಹುಮಾನ ಇಲ್ಲ. ವಿಮಾನ, ಹೋಟೆಲು, ಊಟ, ಕ್ಯಾಡಿ ಸಂಬಳ ಎಲ್ಲ ಕೈಯಿಂದ. ಕ್ರಿಕೆಟ್‌ನಲ್ಲಿ ಸೊನ್ನೆಗೆ ಔಟಾದರೂ ಮ್ಯಾಚ್ ಫೀ ಬರುತ್ತದೆ. ಇಲ್ಲಿ ಎರಡು ದಿನ ಕೆಟ್ಟರೆ ಆ ವಾರ ನಷ್ಟದ ವಾರ. ನಮ್ಮ ಈರುಳ್ಳಿ ಥರ.

ಹೀಗೆ ಒಂದು ವಾರ ಅಲ್ಲ, ವರ್ಷಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ವಾರ. ಆ ಹುಡುಗಿ 2016ರ ಜನವರಿ 1ಕ್ಕೆ ವೃತ್ತಿಗೆ ಇಳಿದಳು. 2017ರಿಂದ ಎಲ್‌ಪಿಜಿಎಯಲ್ಲಿ ಇದ್ದಾಳೆ. ಕೋಟೆಯವರೇ, ನೀವು ಮೂರು ವಾರದ ಲೆಕ್ಕ ಹೇಳಿದಿರಿ. ಉಳಿದ ನೂರಾರು ವಾರ ಅಲ್ಲಿ ನಿಂತುಕೊಂಡಳಲ್ಲ, ವೃತ್ತಿ ಅಂದರೆ ಅದು. ಒಲಿಂಪಿಕ್ಸ್ ಒಂದು ವಾರದ ಜಾತ್ರೆ. ಅಂಗಡಿ ವರ್ಷವಿಡೀ ತೆರೆದಿರಬೇಕು.

ಸಂಜೆ ಇನ್ನೊಂದು ವಿಷಯ ಬರೆಯುತ್ತೇನೆ. ಈಗ ತೋಟಕ್ಕೆ ಕರೆಂಟು ಬಂತು.

ಮಿರ್ಚಿ ಮಂಡಕ್ಕಿ, 7:05

"ನಮ್ಮ ಈರುಳ್ಳಿ ಥರ." ಅಣ್ಣ, ಕೈ ಮುಗಿದೆ.

ಎಪಿಎಂಸಿ ಅಪ್ಪ, 7:30

ಈರುಳ್ಳಿ ಮಾತು ಯಾರ ಹತ್ತಿರ ಹೇಳುತ್ತೀರಿ! ಯಾರ್ಡಿನಲ್ಲಿ ದಿನಾ ನೋಡುತ್ತೇನೆ. ಮಗಳಿಗೆ ಓದಿ ಹೇಳಿದೆ. ಬಟ್ಟೆ ಮಡಚುವುದು ಅಂತ ಕೇಳಿ ನಕ್ಕಳು. ಆಮೇಲೆ ಅದನ್ನೇ ಬರೆದುಕೊಂಡಳು. ಸಂಜೆಯದನ್ನು ಕಾಯುತ್ತಿದ್ದೇವೆ.

ಸಾಫ್ಟ್‌ವೇರ್ ಸೊಸೆ (ಬೆಂಗಳೂರು, ತವರು ಹರಿಹರ), 1:10

ಆಕೆ ಶುರು ಮಾಡಿದ್ದು ಹೇಗೆ ಅಂತ ಪಾಪುಗೆ ಹೇಳಿ, ಇಷ್ಟ ಆಗುತ್ತದೆ. 1998ರ ಮಾರ್ಚ್ 29, ಬೆಂಗಳೂರಿನಲ್ಲಿ ಹುಟ್ಟಿದ್ದು. ಮನೆಯಲ್ಲಿ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಐದು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುತ್ತಿತ್ತು. ಅಲ್ಲಿ ಏನು ಮಾಡುತ್ತಾರೆ ಅಂತ ನೋಡಲು ಹೋದರು. ಮೂವರೂ ಒಟ್ಟಿಗೆ ಕಲಿಯಲು ಶುರು ಮಾಡಿದರು.

ಎಲ್‌ಪಿಜಿಎ ಆಡಿದ ಮೊದಲ ಭಾರತೀಯಳು ಇವರೇ ಅಂತಲೂ ಬರೆಯಬಹುದು.

ಲೆಕ್ಕದ ಮೇಷ್ಟ್ರು, 1:25

ಕೊನೆಯ ವಾಕ್ಯ ತಪ್ಪು. ಕೋಲ್ಕತ್ತದ ಸ್ಮೃತಿ ಮೆಹ್ರಾ 1990ರ ದಶಕದಲ್ಲೇ ಎಲ್‌ಪಿಜಿಎ ಆಡಿದ್ದಾರೆ. ಅದಿತಿ ಮೊದಲಿಗರಾದದ್ದು ಬೇರೆ ಕಡೆ. ಯುರೋಪಿನ ಹೆಂಗಸರ ಟೂರ್‌ನಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳು. ಕೋಟೆಯವರು "ಬೆಳ್ಳಿಗೆ ಇಳಿದರು" ಅಂದರಲ್ಲ, ಆ ಬೆಳ್ಳಿ.

ಸಾಫ್ಟ್‌ವೇರ್ ಸೊಸೆ, 1:40

ಸರಿ ಮೇಷ್ಟ್ರೇ, ತಿದ್ದಿಕೊಂಡೆ. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಕೆಂಪು ಪೆನ್ನು ತಪ್ಪಲಿಲ್ಲ :)

2016 ಮಾತ್ರ ಪೂರ್ತಿ ಬರೆಯಲೇಬೇಕು. 2015ರ ಡಿಸೆಂಬರ್‌ನಲ್ಲಿ ಮೊರಾಕೊದಲ್ಲಿ ಯುರೋಪ್ ಟೂರ್‌ನ ಅರ್ಹತಾ ಪಂದ್ಯ ಗೆದ್ದಾಗ ವಯಸ್ಸು 17. 2016ರಲ್ಲಿ ಶಾಲೆ ಮುಗಿಯಿತು. ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್. ಅಪ್ಪನೇ ಕ್ಯಾಡಿ. ಎರಡು ದಿನ ಮುಗಿದಾಗ ಮೊದಲ ಹತ್ತರೊಳಗೆ ಇದ್ದರು, ಕೊನೆಗೆ 41ನೇ ಸ್ಥಾನ. ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದರು. ಎರಡು ವಾರ ಬಿಟ್ಟು ಕತಾರ್ ಓಪನ್ ಗೆದ್ದರು. ಆ ವರ್ಷ ಯುರೋಪ್ ಟೂರ್‌ನ ಅತ್ಯುತ್ತಮ ಹೊಸ ಆಟಗಾರ್ತಿ ಅಂತಲೂ ಆದರು. ನಾನು 18ನೇ ವಯಸ್ಸಿನಲ್ಲಿ ಸಿಇಟಿ ರ‍್ಯಾಂಕ್ ಹಿಡಿದುಕೊಂಡು ಸೀಟು ಹುಡುಕುತ್ತಿದ್ದೆ.

ಹಿರಿಯೂರು ರೈತ, 4:45

ನನ್ನದೊಂದು ಮಾತು. ಇದು ಹಣವಂತರ ಆಟ. ಜೊತೆಗೆ ನೀರು ಕುಡಿಯುವ ಆಟ. ನಮ್ಮ ಮಾರಿಕಣಿವೆ ಅಣೆಕಟ್ಟು 1933ರ ನಂತರ 2022ರಲ್ಲಿ ಕೋಡಿ ಬಿತ್ತು. ಜನ ಬಾಗಿನ ಹಿಡಿದು ಓಡಿದರು. ಅಂಥಾ ಜಿಲ್ಲೆ ನಮ್ಮದು. ಭದ್ರಾ ಮೇಲ್ದಂಡೆ ನೀರು ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂತಿದ್ದೇವೆ. ಅಡಿಕೆ ಉಳಿಸಲು ಟ್ಯಾಂಕರ್ ಹೊಡೆಸಿದವರಿದ್ದಾರೆ. ನೂರಾರು ಎಕರೆ ಹುಲ್ಲಿಗೆ ದಿನಾ ನೀರು ಬಿಡುವ ಆಟವನ್ನು ಮಕ್ಕಳ ತಲೆಗೆ ತುಂಬಬೇಕಾ?

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ.

ಡ್ರಿಲ್ ಮೇಡಂ, 5:10

ಹಿರಿಯೂರಿನವರ ಮಾತು ಸುಳ್ಳಲ್ಲ. ನಾನು ಅದನ್ನು ತಳ್ಳಿಹಾಕುವುದಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಸರಿಯಾದ ಖೋಖೋ ಅಂಕಣ ಇಲ್ಲದ ಶಾಲೆಗಳು ಎಷ್ಟೋ ಇವೆ. ಗಾಲ್ಫ್ ಮೈದಾನ ಕೇಳುವುದು ಆಮೇಲಿನ ಮಾತು.

ಆದರೆ ಒಂದು ಘಟನೆ ಹೇಳುತ್ತೇನೆ. ತುಂಬಾ ವರ್ಷದ ಹಿಂದೆ, ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳಿಗೆ ಜಾವೆಲಿನ್ ಹುಚ್ಚು. ಜಾವೆಲಿನ್ ಕೊಡಿಸಿ ಅಂತ ಅರ್ಜಿ ಹಾಕಿದೆ. "ಹೆಣ್ಣುಮಗು ಭರ್ಜಿ ಹಿಡಿದು ಏನು ಮಾಡಬೇಕು, ಥ್ರೋಬಾಲ್ ಇದೆಯಲ್ಲ" ಅಂದರು. ಅವಳು ಬಿದಿರಿನ ಕೋಲು ಎಸೆಯುತ್ತಾ ಒಂಬತ್ತನೇ ಕ್ಲಾಸು ಮುಗಿಸಿದಳು. ಆಮೇಲೆ ಬಿಟ್ಟಳು. ನಮ್ಮೂರಿಗೆ ಯಾವ ಆಟ ಸರಿ, ಯಾವುದು ಅಲ್ಲ ಅಂತ ನಾವೇ ಮೊದಲು ತೀರ್ಮಾನ ಮಾಡಿಬಿಡುತ್ತೇವೆ. ಒನಕೆ ಓಬವ್ವನ ಜಿಲ್ಲೆಯಲ್ಲಿ ಕೂತು ಭರ್ಜಿ ಯಾಕೆ ಅಂತ ಕೇಳಿದ್ದರು ನೋಡಿ.

ಹಳೇ ಕ್ಯಾಡಿ, ರಾತ್ರಿ 8:35

ಹಿರಿಯೂರು ಅಣ್ಣ, ನೀರಿನ ಮಾತು ಒಪ್ಪಿದೆ. ಈಗ ಕೆಲವು ಕಡೆ ಶುದ್ಧ ಮಾಡಿದ ಕೊಳಚೆ ನೀರು ಬಿಡುತ್ತಾರೆ. ಹುಲ್ಲಿಲ್ಲದ ಒಣ ಜಾಗದಲ್ಲಿ ಮರಳಿಗೆ ಎಣ್ಣೆ ಬೆರೆಸಿ ತಟ್ಟಿ "ಬ್ರೌನ್" ಮಾಡಿ ಆಡುವ ಪದ್ಧತಿಯೂ ಹಳೆಯದು. ಆದರೂ ನಮ್ಮ ಜಿಲ್ಲೆಗೆ ಮೈದಾನ ಬೇಕು ಅಂತ ನಾನು ಹೇಳುವುದಿಲ್ಲ.

ಹಣದ ಮಾತೂ ಒಪ್ಪಿದೆ, ಜಾಸ್ತಿಯೇ ಒಪ್ಪಿದೆ. ಒಮ್ಮೆ ಮರದ ಪಕ್ಕ ನಿಂತಿದ್ದೆ. ಹಿಂದಿನ ಗುಂಪಿನವರ ಚೆಂಡು ಬಂದು ಮೊಣಕಾಲ ಚಿಪ್ಪಿಗೆ ಬಡಿಯಿತು. ಗಾಲ್ಫ್ ಚೆಂಡು 46 ಗ್ರಾಂ ತೂಕ ಇರುವುದಿಲ್ಲ, ಆದರೆ ಕಲ್ಲು. ಹೊಡೆದವರು ದೂರದಿಂದ ಕೈ ಎತ್ತಿ "ಸಾರಿ" ಅಂದರು. ಆ ದಿನದ ಕೂಲಿ ಅರ್ಧ ಸುತ್ತಿಗೆ ಮಾತ್ರ ಕೊಟ್ಟರು, ಪೂರ್ತಿ ನಡೆಯಲಿಲ್ಲವಲ್ಲ ಅಂತ. ಮೂರು ವಾರ ಮನೆಯಲ್ಲಿ ಕೂತೆ. ಯಾರೂ ಕೇಳಲಿಲ್ಲ. ಚಳಿಗಾಲದಲ್ಲಿ ಆ ಕಾಲು ಈಗಲೂ ಹಿಡಿಯುತ್ತದೆ. ಆಟದ ಮೇಲೆ ನನಗೂ ಸಿಟ್ಟಿದೆ. ಪ್ರೀತಿಯೂ ಇದೆ. ಎರಡೂ ಒಂದೇ ಕಾಲಿನಲ್ಲಿ.

ಈಗ ಬೆಳಗ್ಗೆ ಹೇಳಿದ ಇನ್ನೊಂದು ವಿಷಯ. ಅದಿತಿ ಆಟದಲ್ಲಿ ನೋಡಬೇಕಾದದ್ದು ಏನು ಅಂತ.

ಗಾಲ್ಫ್‌ನಲ್ಲಿ ಒಂದು ಗುಳಿಗೆ ಎರಡು ಆಟ ಇದೆ. ಮೊದಲು ದೂರ ಹೊಡೆಯುವುದು. ಕೊನೆಗೆ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಉರುಳಿಸಿ ಗುಳಿಗೆ ಹಾಕುವುದು. ಅದನ್ನು ಪುಟ್ ಅನ್ನುತ್ತಾರೆ. ಟೋಕಿಯೊದಲ್ಲಿ ನೆಲ್ಲಿ ಕೋರ್ಡಾ ಚೆಂಡು ಎಲ್ಲೋ ಮುಂದೆ ಬೀಳುತ್ತಿತ್ತು. ಈ ಹುಡುಗಿಯದು ಗಜಗಟ್ಟಲೆ ಹಿಂದೆ. ಹಾಗಾದರೆ ಏನಾಗುತ್ತದೆ? ಎರಡನೇ ಹೊಡೆತವನ್ನು ಇವಳೇ ಮೊದಲು ಹೊಡೆಯಬೇಕು, ಅದೂ ದೂರದಿಂದ. ಕೋರ್ಡಾ ಸಣ್ಣ ಕಬ್ಬಿಣದ ಕೋಲು ಹಿಡಿದು ಆರಾಮಾಗಿ ಎತ್ತಿ ಇಡುತ್ತಾಳೆ. ಇವಳು ಉದ್ದದ ಹೈಬ್ರಿಡ್ ಕೋಲು ಹಿಡಿದು ಅದೇ ಜಾಗಕ್ಕೆ ತಲುಪಿಸಬೇಕು. ನೂರು ಮೀಟರ್ ಓಟದಲ್ಲಿ ನಿಮ್ಮನ್ನು ಹತ್ತು ಮೀಟರ್ ಹಿಂದೆ ನಿಲ್ಲಿಸಿದಂತೆ. ಪ್ರತಿ ಗುಳಿಯಲ್ಲೂ.

ಆ ಬಾಕಿಯನ್ನು ಆಕೆ ತೀರಿಸಿದ್ದು ಪುಟ್‌ನಲ್ಲಿ. ಗುಳಿಯ ಅಗಲ ನಾಲ್ಕೂಕಾಲು ಇಂಚು. ಚೆಂಡು ಒಂದೂಮುಕ್ಕಾಲು ಇಂಚಿಗಿಂತ ಕೂದಲೆಳೆ ಕಡಿಮೆ. ಹುಲ್ಲು ನೋಡಲು ಚಾಪೆ ಥರ ಸಮ ಇರುತ್ತದೆ. ಇರುವುದಿಲ್ಲ. ಹುಲ್ಲು ಒಂದು ಕಡೆ ಒರಗಿರುತ್ತದೆ. ಅದರ ಜೊತೆಗೆ ಹೋದರೆ ಚೆಂಡು ಓಡುತ್ತದೆ, ಎದುರು ಹೋದರೆ ಎಳೆಯುತ್ತದೆ. ಬೆಳಗ್ಗೆ ಇಬ್ಬನಿ ಇರುವಾಗ ಒಂದು ವೇಗ, ಸಂಜೆ ಹುಲ್ಲು ಬೆಳೆದಾಗ ಇನ್ನೊಂದು ವೇಗ. ನಾನು ಮೊಣಕಾಲೂರಿ ನೋಡುತ್ತಿದ್ದೆ. ಕಣ್ಣಿಗಿಂತ ಪಾದಕ್ಕೆ ಜಾಸ್ತಿ ಗೊತ್ತಾಗುತ್ತದೆ. ಇಳಿಜಾರು ಹಿಮ್ಮಡಿಗೆ ತಿಳಿಯುತ್ತದೆ. ಗದ್ದೆಯಲ್ಲಿ ನೀರು ಯಾವ ಕಡೆ ಹೋಗುತ್ತದೆ ಅಂತ ಗೊತ್ತಿರುವವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭದ್ರಾ ನಾಲೆಯ ಕೆಳಗಿನವರೆಲ್ಲ ಒಳ್ಳೇ ಕ್ಯಾಡಿ ಆಗಬಹುದು, ಸತ್ಯವಾಗಿ.

ಇನ್ನೊಂದು. ಆಡುವಾಗ ಆಟಗಾರ್ತಿಗೆ ಸಲಹೆ ಕೊಡಲು ಕ್ಯಾಡಿಗೆ ಮಾತ್ರ ಅವಕಾಶ. ಕೋಚ್ ಹಗ್ಗದ ಆಚೆ ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಟೋಕಿಯೊದಲ್ಲಿ ಆಕೆಯ ಬ್ಯಾಗು ಹೊತ್ತದ್ದು ಅಮ್ಮ ಮಹೇಶ್ವರಿ. ಅಗಸ್ಟಿನ ಸೆಕೆ. ಕೊನೇ ದಿನ ಎರಡು ಗುಳಿ ಬಾಕಿ ಇದ್ದಾಗ ಗುಡುಗು ಮಳೆ ಬಂದು ಆಟ ನಿಂತಿತು. ನಾನು ಆಗ ಟಿವಿಯಲ್ಲಿ ಮಗಳನ್ನು ನೋಡಲಿಲ್ಲ, ಅಮ್ಮನನ್ನು ನೋಡುತ್ತಿದ್ದೆ. ಬ್ಯಾಗು ಹೊತ್ತವನ ಕಣ್ಣು ಬ್ಯಾಗಿನ ಮೇಲೆ ತಾನೇ. ಮಳೆಯಲ್ಲಿ ಕೋಲಿನ ಹಿಡಿ ಒದ್ದೆ ಆಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ಕೋಟೆ ಕಡೆಯವನು, 9:02

ಹಳೇ ಕ್ಯಾಡಿ ಅಣ್ಣ, ಒಂದಿಷ್ಟು ಒಪ್ಪಿದೆ. ಆದರೆ ಏಳು ಹೊಡೆತ ಮುಂದಿದ್ದು ಸೋತದ್ದಕ್ಕೆ ಉತ್ತರ ಬರಲಿಲ್ಲ.

ಹಳೇ ಕ್ಯಾಡಿ, 9:20

ಉತ್ತರ ಇಲ್ಲ ಅಣ್ಣ. ಮೂರನೇ ದಿನ ಆಕೆ ಹೊಡೆದದ್ದು 61. ನಿಗದಿಗಿಂತ 11 ಕಡಿಮೆ. ಮಾರನೇ ದಿನ 77. ಅದೇ ಮೈದಾನ, ಅದೇ ಕೋಲು, ಅದೇ ಕೈ. 16 ಹೊಡೆತದ ವ್ಯತ್ಯಾಸ. ಗೆಲ್ಲಬೇಕಾಗಿತ್ತು, ಗೆಲ್ಲಲಿಲ್ಲ. ಅದನ್ನು ಮುಚ್ಚಿಡುವುದು ಬೇಡ. ಮಗುವಿನ ಪುಟದಲ್ಲೂ ಅದು ಇರಲಿ.

ಆದರೆ ಅದರ ಮುಂದಿನ ಸಾಲನ್ನೂ ಬರೆಯಲಿ. ಅದು ಅಕ್ಟೋಬರ್ 1. ನವೆಂಬರ್‌ನಲ್ಲಿ ಸ್ಪೇನಿನ ಓಪನ್ ಗೆದ್ದಳು. ಯುರೋಪ್ ಟೂರ್‌ನಲ್ಲಿ ಐದನೇ ಪ್ರಶಸ್ತಿ.

ಲೆಕ್ಕದ ಮೇಷ್ಟ್ರು, 9:34

ಸರಿ. ಐದರ ಪಟ್ಟಿ: 2016ರಲ್ಲಿ ಭಾರತ ಮತ್ತು ಕತಾರ್, 2017ರಲ್ಲಿ ಅಬುಧಾಬಿ, 2023ರ ಫೆಬ್ರವರಿಯಲ್ಲಿ ಕೀನ್ಯಾ, ನವೆಂಬರ್‌ನಲ್ಲಿ ಸ್ಪೇನ್. ಕೀನ್ಯಾದಲ್ಲಿ ಒಂಬತ್ತು ಹೊಡೆತ ಮುಂದಿದ್ದು ಗೆದ್ದರು. 2017ರಿಂದ 2023ರವರೆಗೆ ನಡುವೆ ಐದು ವರ್ಷ ಖಾಲಿ, ಗಮನಿಸಿ. ಟೋಕಿಯೊ ಬಂದದ್ದು ಆ ಖಾಲಿ ವರ್ಷಗಳ ಮಧ್ಯೆ.

2023ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಲ್‌ಪಿಜಿಎ ಪ್ರಶಸ್ತಿಗೆ ಮೂವರ ಪ್ಲೇ ಆಫ್ ಆಯಿತು. ಆಸ್ಟ್ರೇಲಿಯಾದ ಹನ್ನಾ ಗ್ರೀನ್ ಗೆದ್ದರು. ಅದಿತಿಗೆ ಎಲ್‌ಪಿಜಿಎ ಗೆಲುವು ಅಲ್ಲೂ ತಪ್ಪಿತು. ಒಟ್ಟು ಬಹುಮಾನ 30 ಲಕ್ಷ ಡಾಲರ್. ಗೆದ್ದವರಿಗೆ ಅದರಲ್ಲಿ ನೂರಕ್ಕೆ 15 ಪಾಲು. ಎರಡನೇ ಬಂದವರಿಗೂ ದೊಡ್ಡ ಮೊತ್ತವೇ. ಯಾರಾದರೂ "ಸೋತರು ಪಾಪ" ಅನ್ನುವ ಮುಂಚೆ ಬ್ಯಾಂಕ್ ಪಾಸ್‌ಬುಕ್ ನೆನಪಿರಲಿ.

ಮಿರ್ಚಿ ಮಂಡಕ್ಕಿ, 9:41

ಮೇಷ್ಟ್ರು ಮೊದಲ ಸಲ ಜೋಕ್ ಹೊಡೆದರು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಸಾಫ್ಟ್‌ವೇರ್ ಸೊಸೆ, 10:05

ಆ ಏಷ್ಯನ್ ಗೇಮ್ಸ್ ಬಗ್ಗೆ ಯಾರೂ ಹೇಳದ ಮಾತೊಂದು ಇದೆ. ಭಾರತದ ಹೆಂಗಸರ ತಂಡದಲ್ಲಿ ಇದ್ದವರು ಮೂವರು. ಅದಿತಿ, ಪ್ರಣವಿ ಅರಸ್, ಅವನಿ ಪ್ರಶಾಂತ್. ಮೂವರೂ ಕರ್ನಾಟಕದವರು! ಪ್ರಣವಿ ಮೈಸೂರಿನವರು. ಉಳಿದಿಬ್ಬರು ಬೆಂಗಳೂರು. ದೇಶದ ತಂಡ ಪೂರ್ತಿ ನಮ್ಮ ರಾಜ್ಯದ್ದು ಅಂದರೆ ಸಣ್ಣ ವಿಷಯನಾ? ಕ್ರಿಕೆಟ್‌ನಲ್ಲಿ ಹೀಗಾಗಿದ್ದರೆ ಒಂದು ವಾರ ಟಿವಿಯಲ್ಲಿ ಅದೇ ಓಡುತ್ತಿತ್ತು.

ಡ್ರಿಲ್ ಮೇಡಂ, 10:20

ಬೆಂಗಳೂರು, ಮೈಸೂರು. ಮೈದಾನ ಇರುವ ಊರಿನಿಂದಲೇ ಆಟಗಾರರು ಬರುತ್ತಾರೆ. ನಮ್ಮ ದಾವಣಗೆರೆಯಿಂದ ಕುಸ್ತಿಪಟುಗಳು ಯಾಕೆ ಬಂದರು? ಗರಡಿ ಮನೆ ಇತ್ತು, ಕ್ರೀಡಾ ಹಾಸ್ಟೆಲ್ ಇತ್ತು, ಅದಕ್ಕೆ. ಅದಿತಿ ಮನೆಯವರು ಬೇರೆ ಹೋಟೆಲಿನಲ್ಲಿ ತಿಂಡಿ ತಿಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ. ನಮ್ಮ ಬೆಣ್ಣೆದೋಸೆ ಹೋಟೆಲಿನ ಕಿಟಕಿಯಿಂದ ಏನು ಕಾಣುತ್ತದೆ? ಎದುರಿನ ಬೆಣ್ಣೆದೋಸೆ ಹೋಟೆಲು.

ಎಪಿಎಂಸಿ ಅಪ್ಪ, ಮಂಗಳವಾರ ರಾತ್ರಿ 9:15

ಎಲ್ಲ ಓದಿದೆವು. ಒಂದು ಪುಟ ಅಂತ ಹೇಳಿದ್ದರು, ಇವಳು ನಾಲ್ಕು ಪುಟ ಬರೆದಿದ್ದಾಳೆ. 77 ಅನ್ನುವ ಅಂಕಿಯನ್ನು ಬಿಡಲಿಲ್ಲ. ಕೋಟೆಯವರಿಗೆ ಸಮಾಧಾನ ಆಗಲಿ.

ಈಗ ಹೊಸ ಸಮಸ್ಯೆ. "ನಾನೂ ಆಡಬೇಕು" ಅನ್ನುತ್ತಾಳೆ. ಒಂದು ಸೆಟ್ ಕೋಲಿನ ಬೆಲೆ ವಿಚಾರಿಸಿದೆ. ಫೋನ್ ಇಟ್ಟುಬಿಟ್ಟೆ. ಬೆಂಗಳೂರು 260 ಕಿಲೋಮೀಟರ್. ಚಿಕ್ಕಮಗಳೂರಿನಲ್ಲಿ ಮೈದಾನ ಇದೆಯಂತೆ. ಅಂಗಡಿ ಬಿಟ್ಟು ಪ್ರತಿ ವಾರ ಹೋಗಿ ಬರಲು ಆಗುವ ಮಾತಲ್ಲ. ಇಲ್ಲ ಅನ್ನಲು ಮನಸ್ಸು ಬರುತ್ತಿಲ್ಲ. ಹೂಂ ಅನ್ನಲು ಧೈರ್ಯ ಇಲ್ಲ.

ಹಿರಿಯೂರು ರೈತ, 9:30

ನಾನು ಹೇಳಲಿಲ್ವಾ.

ಹಳೇ ಕ್ಯಾಡಿ, 9:48

ಸುಮ್ನೆ ಇರಿ ಹಿರಿಯೂರಣ್ಣ.

ಅಪ್ಪಾಜಿ, ಕೋಲಿನ ಸೆಟ್ ಬೇಡ. 14 ಕೋಲು ಒಯ್ಯಬಹುದು ಅನ್ನುವುದು ನಿಯಮದ ಗರಿಷ್ಠ. 14 ಇರಲೇಬೇಕು ಅಂತ ಎಲ್ಲೂ ಇಲ್ಲ. ಮಗುವಿಗೆ ಒಂದು ಸಾಕು, ಪುಟ್ಟರ್. ನನ್ನ ಹತ್ತಿರ ಹಳೇದೊಂದು ಇದೆ. ಒಬ್ಬ ಮುದುಕರು ಕೊಟ್ಟದ್ದು. ಹಿಡಿ ಸವೆದಿದೆ. ಉದ್ದ ಜಾಸ್ತಿ, ಎರಡು ಮೂರು ಇಂಚು ಕತ್ತರಿಸಿದರೆ ಆಯಿತು. ಚೆಂಡೂ ಇವೆ. ಕೆರೆಯಲ್ಲಿ ಬಿದ್ದದ್ದನ್ನು ಹೆಕ್ಕಿಟ್ಟುಕೊಂಡವು.

ಭಾನುವಾರ ದಾವಣಗೆರೆಯಲ್ಲಿ ಒಂದು ಮದುವೆ ಇದೆ. ಬೆಳಗ್ಗೆ ಏಳಕ್ಕೇ ಬರುತ್ತೇನೆ. ಹುಲ್ಲು ಬೇಡ. ಗಟ್ಟಿ ಮಣ್ಣಿನ ನೆಲ, ನೆರಳು, ಒಂದು ಡಬ್ಬ ಬೇಕು. ಗೋಲಿ ಆಡಿದವರ ಮಕ್ಕಳು ನಾವು, ಗುಳಿ ತೋಡಲು ಯಾರನ್ನೂ ಕೇಳಬೇಕಾಗಿಲ್ಲ. ಒಂದೇ ಮಾತು: ಇದರಿಂದ ಅವಳು ಅದಿತಿ ಆಗುತ್ತಾಳೆ ಅಂತ ನಾನು ಹೇಳುತ್ತಿಲ್ಲ. ನೀವೂ ಹೇಳಬೇಡಿ.

ಡ್ರಿಲ್ ಮೇಡಂ, 9:55

ಮೈದಾನದ ಒಂದು ಮೂಲೆ ನಾನು ಕೇಳಿ ಕೊಡಿಸುತ್ತೇನೆ. ನಾನೂ ಬರುತ್ತೇನೆ.

ಎಪಿಎಂಸಿ ಅಪ್ಪ, ಭಾನುವಾರ ಮಧ್ಯಾಹ್ನ 2:30

ವರದಿ ಒಪ್ಪಿಸುತ್ತಿದ್ದೇನೆ.

ವನಸ್ಪತಿ ಡಬ್ಬ ಹೂತೆವು. ಕ್ಯಾಡಿ ಅಣ್ಣ ರೇಷ್ಮೆ ಪಂಚೆ ಮಡಚಿ ಕಟ್ಟಿ, ಮೊಣಕಾಲೂರಿ, ಮಣ್ಣು ನೋಡಿದರು. ಯಾವ ಕಾಲು ಅಂತ ನಾನು ಗಮನಿಸಿದೆ. ಆ ಕಾಲನ್ನು ಊರಲಿಲ್ಲ. ಮಗಳು ಮೊದಲ ಇಪ್ಪತ್ತು ಚೆಂಡಿನಲ್ಲಿ ಒಂದನ್ನೂ ಹಾಕಲಿಲ್ಲ. ಎಲ್ಲ ಬಲಕ್ಕೆ ಹೋಗುತ್ತಿದ್ದವು. "ಹೊಡೆಯಬೇಡ, ಚಪ್ಪಲಿ ಬಿಡು" ಅಂದರು. ಬರಿಗಾಲಿನಲ್ಲಿ ಚೆಂಡಿನಿಂದ ಡಬ್ಬದವರೆಗೆ ಮೂರು ಸಲ ನಡೆಸಿದರು. ಮೂರನೇ ಸಲ ಇವಳೇ ನಿಂತು, "ಇಲ್ಲಿ ನೆಲ ಬಲಕ್ಕೆ ಇಳಿಯುತ್ತದೆ" ಅಂದಳು.

ಆಮೇಲೆ ಎಡಕ್ಕೆ ಗುರಿ ಇಟ್ಟಳು. ಡ್ರಿಲ್ ಮೇಡಂ ಸೀಟಿ ಊದಿಬಿಟ್ಟರು. ನಿವೃತ್ತಿ ಆದರೂ ಸೀಟಿ ಪರ್ಸಿನಲ್ಲೇ ಇದೆ. ವಾಕಿಂಗ್ ಬಂದವರೆಲ್ಲ ತಿರುಗಿ ನೋಡಿದರು.

ಒಟ್ಟು 60 ಚೆಂಡು, 7 ಒಳಗೆ. ಮನೆಗೆ ಬಂದ ಮೇಲೆ ಪುಟ್ಟರನ್ನು ಹಳೇ ಟವೆಲಿನಲ್ಲಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದಾಳೆ. ಕ್ಯಾಡಿ ಅಣ್ಣ ಮದುವೆ ಊಟಕ್ಕೆ ತಡವಾಯಿತು ಅಂತ ಓಡಿದರು. ಡಬ್ಬ ಅಲ್ಲೇ ಇದೆ. ತೆಗೆಯಲು ಬಿಡಲಿಲ್ಲ.

ಕೋಟೆ ಕಡೆಯವನು, 2:50

60ಕ್ಕೆ 7 ಅಂದರೆ ಪರವಾಗಿಲ್ಲ. ಮುಂದಿನ ಭಾನುವಾರ ಎಷ್ಟು ಗಂಟೆಗೆ?